ಐಲೆಸ್ ಜೀನ್ ಜೊತೆ ಒಂಬತ್ತು ತಿಂಗಳು

ನೊಣ ಸಾಕುವ ಪುಟ್ಟ ಸೀಸೆಯ, ಅಂದರೆ ವಯಲ್‌ನ, ಮೇಲಿನ ಲೇಬಲ್‌ನಲ್ಲಿ 'ಐಲೆಸ್' ಎಂದು ಬರೆದಿತ್ತು. ಅಂದರೆ ಕಣ್ಣಿಲ್ಲದ್ದು. ಒಳಗಿದ್ದ ಹಣ್ಣುನೊಣಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಟ್ಟು ಮಲಗಿಸಿದೆ. ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಒಂದೊಂದನ್ನೇ ಬ್ರಷ್‌ನಿಂದ ಹೊರಳಿಸಿ ನೋಡಿದೆ. ಎಲ್ಲಕ್ಕೂ ಕಣ್ಣಿತ್ತು. ಕೆಲವಕ್ಕೆ ಸ್ವಲ್ಪ ಚಿಕ್ಕದು ಅನಿಸಿತು, ಅಷ್ಟೇ. ಲೇಬಲ್ ಅದಲುಬದಲಾಗಿದೆ ಅಂದುಕೊಂಡು, ಲ್ಯಾಬ್‌ನಲ್ಲಿ ನನಗೆ ಕೆಲಸ ಕೊಟ್ಟಿದ್ದ ಮೇಡಂ ಹತ್ತಿರ ಹೋದೆ.

ಅವರು ವಯಲ್ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಲೇಬಲ್ ಸರಿಯಾಗೇ ಇದೆ. ಈ ಸ್ಟಾಕ್ ತುಂಬಾ ಹಳೇದು. ಮಾಮೂಲಿ ನೊಣಕ್ಕೆ ಒಂದು ಕ್ರಾಸ್ ಹಾಕು. ಎರಡನೇ ತಲೆಮಾರು ನೋಡಿ ಆಮೇಲೆ ಬಾ" ಅಂದರು. ಸ್ಟಾಕ್ ಅಂದರೆ ತಮ್ಮತಮ್ಮಲ್ಲೇ ಬೆಳೆಸಿಕೊಂಡು ಬಂದ ನೊಣಗಳ ಸಾಲು, ಕ್ರಾಸ್ ಅಂದರೆ ಅವನ್ನು ಬೇರೆ ಸಾಲಿನ ಜೊತೆ ಕೂಡಿಸುವುದು.

ನನಗೆ ಕೊಟ್ಟಿದ್ದ ಕೆಲಸ ಕೇಳೋದಕ್ಕೆ ಸುಲಭ. ಐಲೆಸ್ ಅನ್ನುವ ಜೀನ್ ನೊಣದ ಮೈಯಲ್ಲಿ ಎಲ್ಲಿ, ಯಾವಾಗ ಆನ್ ಆಗುತ್ತದೆ ಅಂತ ನೋಡಬೇಕು. ಅದಕ್ಕೆ ಅಭಿವ್ಯಕ್ತಿ ಅಂತಾರೆ. ಅಲ್ಲಿ ಅದು ಏನು ಮಾಡುತ್ತದೆ ಅಂತಲೂ ನೋಡಬೇಕು. ಅದು ಅದರ ಕಾರ್ಯ. ಎಲ್ಲ ಜೀವಕೋಶದಲ್ಲೂ ಎಲ್ಲ ಜೀನ್‌ಗಳೂ ಇರುತ್ತವೆ. ಹಣ್ಣುನೊಣಕ್ಕೆ ಸುಮಾರು 14 ಸಾವಿರ ಜೀನ್‌ಗಳು. ಕಾಲಿನ ಕೋಶ ಕಾಲಾಗುವುದು, ಕಣ್ಣಿನ ಕೋಶ ಕಣ್ಣಾಗುವುದು, ಯಾವ ಜೀನ್ ಎಲ್ಲಿ ಆನ್ ಆಗಿದೆ ಅನ್ನುವುದರಿಂದ. ಇಷ್ಟು ನನಗೆ ಪಾಠದಲ್ಲಿ ಗೊತ್ತಿತ್ತು. 'ಎಲ್ಲಿ' ಮತ್ತು 'ಏನು' ಎರಡೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಅಂತ ಆಗ ನಂಬಿದ್ದೆ.

ಕ್ರಾಸ್ ಹಾಕಲು ಮೊದಲು ವರ್ಜಿನ್ ಹೆಣ್ಣು ಬೇಕು. ಹೆಣ್ಣು ನೊಣ ಒಮ್ಮೆ ಕೂಡಿದರೆ ಆ ಗಂಡಿನ ವೀರ್ಯವನ್ನು ದಿನಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಹುಟ್ಟುವ ಮರಿ ಯಾರದು ಅಂತ ಹೇಳಲು ಆಗುವುದಿಲ್ಲ. ಪ್ಯೂಪಾ ಅನ್ನುವ ಗೂಡಿನಂಥ ಹಂತದಿಂದ ಹೊರಬಂದ ಮೊದಲ ಎಂಟು ಗಂಟೆ ಹೆಣ್ಣು ಕೂಡುವುದಿಲ್ಲ. ಆ ಹೊತ್ತಿನಲ್ಲೇ ಹಿಡಿದು ಬೇರೆ ಮಾಡಬೇಕು. ಬೆಳಿಗ್ಗೆ ವಯಲ್ ಖಾಲಿ ಮಾಡು, ಮಧ್ಯಾಹ್ನ ಬಂದು ಹೊಸದಾಗಿ ಹುಟ್ಟಿದ್ದನ್ನು ಆರಿಸು, ಸಂಜೆ ಮತ್ತೆ ಆರಿಸು. ಆಗ ತಾನೇ ಹುಟ್ಟಿದ ನೊಣದ ಮೈ ಬಿಳಿಚಿಕೊಂಡಿರುತ್ತದೆ. ಹೊಟ್ಟೆಯ ಪಾರದರ್ಶಕ ಚರ್ಮದೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದು ಲಾರ್ವಾ, ಅಂದರೆ ಹುಳು ಆಗಿದ್ದಾಗ ತಿಂದದ್ದರ ಉಳಿಕೆ. ಆ ಚುಕ್ಕೆ ಇದ್ದರೆ ಧೈರ್ಯವಾಗಿ ಎತ್ತಿಕೊಳ್ಳಬಹುದು. ಎರಡು ವಾರದಲ್ಲಿ ಆ ಚುಕ್ಕೆ ನನ್ನ ಕಣ್ಣಿಗೆ ತಾನಾಗೇ ಬೀಳತೊಡಗಿತು.

25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣ ಆಗಲು ಸುಮಾರು ಹತ್ತು ದಿನ. ಮೊದಲ ತಲೆಮಾರಿನ ಮರಿಗಳಿಗೆಲ್ಲ ದುಂಡಗಿನ ಕೆಂಪು ಕಣ್ಣು. ಇದು ಗೊತ್ತಿದ್ದದ್ದೇ, ಅಪ್ಪ ಅಮ್ಮನಿಂದ ಬಂದ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಒಳ್ಳೆಯದಿದ್ದರೆ ಸಾಕಾಗುತ್ತದೆ. ಅವನ್ನೇ ಅಣ್ಣತಂಗಿ ಕೂಡಿಸಿ ಮತ್ತೆ ಹತ್ತು ದಿನ ಕಾದೆ.

ಎರಡನೇ ತಲೆಮಾರು ಹುಟ್ಟಿದ ದಿನ ಪ್ಯಾಡ್ ಮೇಲೆ ಸುರಿದ ತಕ್ಷಣ ಕಂಡವು. ಸುಮಾರು ಕಾಲುಭಾಗಕ್ಕೆ ಸ್ವಲ್ಪ ಕಡಿಮೆ ನೊಣಗಳ ತಲೆ ಬೇರೆ ಥರ ಇತ್ತು. ಒಂದರ ತಲೆ ಎರಡೂ ಕಡೆ ಚಪ್ಪಟೆ. ಕಣ್ಣಿರಬೇಕಾದ ಜಾಗದಲ್ಲಿ ಬರೀ ಕಂದು ಚರ್ಮ, ಅದರ ಮೇಲೆ ನಾಲ್ಕಾರು ಕೂದಲು. ಇನ್ನೊಂದಕ್ಕೆ ಎಡಗಣ್ಣು ಪೂರ್ತಿ ಇತ್ತು, ಬಲಗಣ್ಣು ಇರಲೇ ಇಲ್ಲ. ಮತ್ತೊಂದಕ್ಕೆ ಕೆಂಪು ಚೂರು ಮಾತ್ರ. ಹಣ್ಣುನೊಣದ ಒಂದು ಕಣ್ಣಿನಲ್ಲಿ ಸುಮಾರು 750ರಿಂದ 800 ಪುಟ್ಟ ಕಣ್ಣುಗಳು ಜೇನುಗೂಡಿನ ಹಾಗೆ ಜೋಡಿಸಿರುತ್ತವೆ. ಆ ಚೂರಿನಲ್ಲಿ ನಾನು ಎಣಿಸಿದ್ದು ನಲವತ್ತರ ಆಸುಪಾಸು.

ಮೇಡಂ ಆಗ ವಿವರಿಸಿದರು. ಕಣ್ಣಿಲ್ಲದ ನೊಣಗಳನ್ನು ವರ್ಷಗಟ್ಟಲೆ ತಮ್ಮತಮ್ಮಲ್ಲೇ ಬೆಳೆಸಿದರೆ, ಸ್ವಲ್ಪ ಚೆನ್ನಾಗಿ ಕಣ್ಣು ಬಂದವು ಜಾಸ್ತಿ ಮರಿ ಮಾಡುತ್ತವೆ. ಕಣ್ಣು ಬರಲು ಸಹಾಯ ಮಾಡುವ ಬೇರೆ ಜೀನ್‌ಗಳ ಸಣ್ಣಪುಟ್ಟ ವ್ಯತ್ಯಾಸಗಳು ಹೀಗೆ ಸ್ಟಾಕ್‌ನಲ್ಲಿ ಸೇರಿಕೊಳ್ಳುತ್ತಾ ಹೋಗುತ್ತವೆ. ಕೊನೆಗೆ ಕೆಟ್ಟ ಜೀನ್ ಹಾಗೇ ಇದ್ದರೂ ಕಣ್ಣು ವಾಪಸ್ ಬಂದುಬಿಡುತ್ತದೆ. ಹೊರಗಿನ ನೊಣದ ಜೊತೆ ಕ್ರಾಸ್ ಹಾಕಿದರೆ ಆ ಸಹಾಯಕ್ಕೆ ಬಂದವೆಲ್ಲ ಚದುರಿಹೋಗುತ್ತವೆ, ಮೂಲ ತೊಂದರೆ ಮತ್ತೆ ಎದ್ದು ಕಾಣುತ್ತದೆ. ಅವತ್ತು ರಾತ್ರಿ ಇದೇ ತಲೆಯಲ್ಲಿ ಓಡುತ್ತಿತ್ತು. ಒಂದು ಜೀನ್‌ನ ಕೆಲಸ ಅಂತ ನಾವು ಕರೆಯುವುದು ಅದೊಂದರದ್ದೇ ಅಲ್ಲ ಅಲ್ವಾ?

ಈ ಜೀನ್ ಹಳೆಯ ಪರಿಚಯ. ಕಣ್ಣಿಲ್ಲದ ನೊಣವನ್ನು ಮಿಲ್ಡ್ರೆಡ್ ಹೋಗ್ 1915ರಲ್ಲೇ ವಿವರಿಸಿದ್ದರು. ಅದು ನಾಲ್ಕನೇ ಕ್ರೋಮೋಸೋಮ್ ಮೇಲಿದೆ. ನಾಲ್ಕರಲ್ಲಿ ಇದೇ ತೀರಾ ಚಿಕ್ಕದು, ಮೈಕ್ರೋಸ್ಕೋಪ್‌ನಲ್ಲಿ ಬರೀ ಚುಕ್ಕೆ. ಹೆಸರಿಡುವ ರೂಢಿ ಒಂದು ತಿಳಿದಿರಬೇಕು. ಜೀನ್ ಕೆಟ್ಟಾಗ ಏನಾಗುತ್ತದೋ ಅದೇ ಅದರ ಹೆಸರು. 1910ರಲ್ಲಿ ಮಾರ್ಗನ್ ಕಂಡ 'ವೈಟ್' ಜೀನ್ ಕಣ್ಣನ್ನು ಬಿಳಿ ಮಾಡುವುದಲ್ಲ, ಕೆಂಪಾಗಿಸಲು ಬೇಕಾದದ್ದು. ಹಾಗೇ 'ಐಲೆಸ್' ಅಂದರೆ ಕಣ್ಣು ಕಟ್ಟುವ ಜೀನ್.

1994ರಲ್ಲಿ ವಾಲ್ಟರ್ ಗೇರಿಂಗ್ ಅವರ ಗುಂಪು ಈ ಜೀನ್‌ನ ಅಕ್ಷರಗಳನ್ನು ಓದಿದಾಗ ಅದು ನಮಗೂ ಇಲಿಗೂ ಇರುವ ಪ್ಯಾಕ್ಸ್-6 ಜೀನ್‌ನದ್ದೇ ರೂಪ ಅಂತ ಗೊತ್ತಾಯಿತು. ಮನುಷ್ಯರಲ್ಲಿ ಪ್ಯಾಕ್ಸ್-6ನ ಒಂದು ಪ್ರತಿ ಕೆಟ್ಟರೆ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆಯೇ ಸರಿಯಾಗಿ ಬೆಳೆಯುವುದಿಲ್ಲ. ಇಲಿಯಲ್ಲಿ ಕಣ್ಣು ಚಿಕ್ಕದಾಗುತ್ತದೆ. ನೊಣದ ಕಣ್ಣಿಗೂ ನಮ್ಮ ಕಣ್ಣಿಗೂ ರಚನೆಯಲ್ಲಿ ಅಜಗಜಾಂತರ. ಆದರೂ ಶುರು ಮಾಡುವ ಜೀನ್ ಒಂದೇ. ಇದನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಂ ಅನ್ನುತ್ತದೆ.

ಈಗ ಜೀನ್ ಎಲ್ಲಿ ಆನ್ ಆಗಿದೆ ಅಂತ ನೋಡಬೇಕು. ನೊಣದ ಕಣ್ಣು ತಯಾರಾಗುವುದು ಲಾರ್ವಾದ ಒಳಗೆ. ಬಾಯಿಯ ಕೊಕ್ಕೆಗೂ ಮಿದುಳಿಗೂ ನಡುವೆ ಎರಡು ತೆಳ್ಳಗಿನ ಚೀಲಗಳು ತೂಗುತ್ತಿರುತ್ತವೆ. ನಾವು ಡಿಸ್ಕ್ ಅಂತೀವಿ. ಮುಂದಿನ ಭಾಗ ಮೀಸೆಯಾಗುತ್ತದೆ, ಹಿಂದಿನ ಭಾಗ ಕಣ್ಣಾಗುತ್ತದೆ. ಒಂದು ಡಿಸ್ಕ್ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ.

ಆಹಾರ ಬಿಟ್ಟು ವಯಲ್‌ನ ಗೋಡೆ ಹತ್ತುವ ದೊಡ್ಡ ಲಾರ್ವಾವನ್ನು ಬಫರ್ ಅನ್ನುವ ಉಪ್ಪುನೀರಿನಂಥ ದ್ರಾವಣದ ಹನಿಯಲ್ಲಿ ಇಡಬೇಕು. ಒಂದು ಫೋರ್ಸೆಪ್ಸ್‌ನಿಂದ ನಡು ಹಿಡಿದು ಅರ್ಧಕ್ಕೆ ಹರಿಯಬೇಕು. ಇನ್ನೊಂದರ ತುದಿಯನ್ನು ಬಾಯಿಗೆ ಒತ್ತಿ, ಕಾಲುಚೀಲ ತಿರುವಿ ಹಾಕುವ ಹಾಗೆ ಮೈಯನ್ನು ಒಳಹೊರಗು ಮಾಡಬೇಕು. ಆಗ ಮಿದುಳು ಎರಡು ದುಂಡು ಮಣಿಗಳ ಹಾಗೆ ಹೊರಗೆ ಬರುತ್ತದೆ, ಅದರ ಮುಂದೆ ಡಿಸ್ಕ್‌ಗಳು. ಕೊಬ್ಬು, ಕರುಳು ಬಿಡಿಸಿ ತೆಗೆದರೆ ಸ್ಪಷ್ಟ ಕಾಣುತ್ತವೆ. ಮೊದಲ ವಾರ ನಾನು ಹರಿದದ್ದೇ ಜಾಸ್ತಿ. ಫೋರ್ಸೆಪ್ಸ್ ತುದಿ ಎಲ್ಲಿಗಾದರೂ ತಗುಲಿ ಕೂದಲೆಳೆಯಷ್ಟು ಬಾಗಿದರೂ ಕೆಲಸ ಕೆಟ್ಟಿತು.

ಆಮೇಲೆ ಫಾರ್ಮಾಲ್ಡಿಹೈಡ್‌ನಲ್ಲಿ 20 ನಿಮಿಷ. ತೊಳೆಯುವುದು. ಜೀನ್ ಆನ್ ಆದ ಕೋಶದಲ್ಲಿ ಅದರ ಪ್ರೋಟೀನ್ ತಯಾರಾಗುತ್ತದೆ, ಒಂದೊಂದು ಪ್ರೋಟೀನನ್ನೇ ಗುರುತು ಹಿಡಿದು ಅಂಟುವುದು ಆಂಟಿಬಾಡಿ. ಐಲೆಸ್ ಪ್ರೋಟೀನನ್ನು ಹಿಡಿಯುವ ಒಂದು ಆಂಟಿಬಾಡಿ, ನರಕೋಶಗಳಲ್ಲಿ ಮಾತ್ರ ಇರುವ ಇಲಾವ್ ಪ್ರೋಟೀನನ್ನು ಹಿಡಿಯುವ ಇನ್ನೊಂದು. ಇಡೀ ರಾತ್ರಿ 4 ಡಿಗ್ರಿಯಲ್ಲಿ. ಮಾರನೇ ದಿನ ಹೊಳೆಯುವ ಬಣ್ಣ ಅಂಟಿಸಿದ ಎರಡನೇ ಆಂಟಿಬಾಡಿ. ಐಲೆಸ್ ಹಸಿರು, ಇಲಾವ್ ಕೆಂಪು. ಬಿಡಿಸಿದ ಡಿಸ್ಕ್ ಪೈಪೆಟ್ ತುದಿಯ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಕಳೆದುಹೋಗುತ್ತದೆ. ಹೀರುವ ಮೊದಲು ತುದಿಯನ್ನು ಡಿಟರ್ಜೆಂಟ್ ಇರುವ ಬಫರ್‌ನಲ್ಲಿ ಒಮ್ಮೆ ಅದ್ದಿ ತೆಗೆದರೆ ಅಂಟುವುದಿಲ್ಲ. ಹನ್ನೆರಡು ಡಿಸ್ಕ್ ಹಾಕಿ ಮೂರು ವಾಪಸ್ ಪಡೆದ ಮೇಲೆ ಜೊತೆಯವರೊಬ್ಬರು ಇದನ್ನು ಹೇಳಿಕೊಟ್ಟರು.

ಕನ್ಫೋಕಲ್ ಮೈಕ್ರೋಸ್ಕೋಪ್‌ನಲ್ಲಿ ನೋಡುವ ಮೊದಲು ನನ್ನ ಮನಸ್ಸಿನಲ್ಲಿ ಚಿತ್ರ ಸಿದ್ಧವಾಗಿತ್ತು. ಕಣ್ಣು ಕಟ್ಟುವ ಜೀನ್, ಕಣ್ಣಿನ ಕೋಶಗಳಲ್ಲೇ ಇರಬೇಕು. ಹಸಿರು ಕೆಂಪು ಎರಡೂ ಒಂದೇ ಕಡೆ ಬಿದ್ದು ಹಳದಿ ಕಾಣಬೇಕು.

ಹಳದಿ ಎಲ್ಲೂ ಇರಲಿಲ್ಲ. ಡಿಸ್ಕ್‌ನ ಹಿಂದಿನ ಅರ್ಧದಲ್ಲಿ ಇಲಾವ್‌ನ ಕೆಂಪು ಚುಕ್ಕೆಗಳು. ಪುಟ್ಟ ಪುಟ್ಟ ಗೊಂಚಲು, ಸಾಲುಸಾಲಾಗಿ, ನೇಯ್ದ ಹಾಗೆ. ಮುಂದಿನ ಅರ್ಧದಲ್ಲಿ ಹಸಿರು. ನಡುವೆ ಒಂದು ಕಪ್ಪು ಪಟ್ಟಿ. ಹಸಿರು ಇದ್ದ ಕಡೆ ಕಣ್ಣಿನ ಒಂದು ಕೋಶವೂ ಇರಲಿಲ್ಲ. ಆಂಟಿಬಾಡಿ ಕೆಟ್ಟಿದೆ ಅಂದುಕೊಂಡೆ. ಮತ್ತೆ ಮಾಡಿದೆ. ಹೊಸ ಬಫರ್ ಮಾಡಿಕೊಂಡು ಮೂರನೇ ಸಲವೂ ಮಾಡಿದೆ. ಮೂರು ಸಲವೂ ಅದೇ ಚಿತ್ರ.

ಚಿತ್ರ ತೋರಿಸಿದಾಗ ಮೇಡಂ ಕೇಳಿದ್ದು ಒಂದೇ ಮಾತು. "ಎಷ್ಟು ಗಂಟೆಯ ಲಾರ್ವಾ ಇದು?"

ನಾನು ನೋಡಿದ್ದು ಒಂದೇ ಹೊತ್ತನ್ನು. ಸರಿ ಅಂತ ಎರಡೆರಡು ಗಂಟೆ ಮಾತ್ರ ಮೊಟ್ಟೆ ಇಡಿಸಿ, ಅಲ್ಲಿಂದ 72, 84, 96, 108 ಗಂಟೆಗೆ ಲಾರ್ವಾ ತೆಗೆದು ಬಿಡಿಸಿದೆ. ನಡುರಾತ್ರಿಯ ಬಿಡಿಸುವಿಕೆ ಎರಡು ಬಂತು. ಬೇಜಾರಾಗಲಿಲ್ಲ. ಆ ನಾಲ್ಕು ಚಿತ್ರಗಳನ್ನು ಪಕ್ಕಪಕ್ಕ ಇಟ್ಟ ಗಳಿಗೆ ಈಗಲೂ ನೆನಪಿದೆ. 72 ಗಂಟೆಯಲ್ಲಿ ಕಣ್ಣಿನ ಭಾಗ ಪೂರ್ತಿ ಹಸಿರು, ಕೆಂಪು ಇಲ್ಲವೇ ಇಲ್ಲ. ಆಮೇಲೆ ಹಿಂದಿನ ಅಂಚಿನಲ್ಲಿ ಒಂದು ಸಣ್ಣ ಮಡಿಕೆ ಹುಟ್ಟುತ್ತದೆ. ಅದು ಮುಂದಕ್ಕೆ ಸರಿಯುತ್ತದೆ. ಸರಿದಂತೆ ಅದರ ಮುಂದೆ ಹಸಿರು ಉಳಿದಿರುತ್ತದೆ, ಅದರ ಹಿಂದೆ ಹಸಿರು ಆರಿ ಕೆಂಪು ಗೊಂಚಲು ಹುಟ್ಟುತ್ತವೆ. ಸುಮಾರು ಎರಡು ಗಂಟೆಗೊಂದು ಹೊಸ ಸಾಲು. ಗೊಂಚಲಿಗೆ ಕೊನೆಗೆ ಎಂಟು ಬೆಳಕಿನ ಕೋಶಗಳು ಬರುತ್ತವೆ. ಪರದೆ ಸರಿಸಿದ ಹಾಗೆ ಹಸಿರು ಮುಂದಕ್ಕೆ ಮುಂದಕ್ಕೆ ಹೋಗಿ ಕಡಿಮೆಯಾಗುತ್ತದೆ.

ಅಂದರೆ ಐಲೆಸ್ ಆನ್ ಆಗಿರುವುದು ಕಣ್ಣು ಇನ್ನೂ ಆಗದ ಕೋಶಗಳಲ್ಲಿ. 'ನೀನು ಕಣ್ಣಾಗು' ಅಂತ ಹೇಳುವುದು ಅದರ ಕೆಲಸ. ಹೇಳುವುದು ಹೇಗೆ ಅಂದರೆ ಬೇರೆ ಜೀನ್‌ಗಳನ್ನು ಆನ್ ಮಾಡಿ. ಸೈನ್ ಆಕ್ಯುಲಿಸ್, ಐಸ್ ಆಬ್ಸೆಂಟ್ ಅಂತ ಅವಕ್ಕೆ ಹೆಸರು. ಅವು ಕೆಲಸ ಹಿಡಿದ ಮೇಲೆ ಐಲೆಸ್ ಅಲ್ಲಿಂದ ಸರಿದುಕೊಳ್ಳುತ್ತದೆ. ನನ್ನ ಆಂಟಿಬಾಡಿ ಮೊದಲ ದಿನವೇ ನಿಜ ಹೇಳಿತ್ತು. ಆ ಕಪ್ಪು ಪಟ್ಟಿ ಚಲಿಸುತ್ತಿರುವ ಮಡಿಕೆ.

ಇನ್ನು ಕಾರ್ಯ. ಜೀನ್ ಇಲ್ಲದಾಗ ಕಣ್ಣು ಹೋಗುತ್ತದೆ ಅಂತ ನೋಡಿ ಆಗಿತ್ತು. ಕಾಲಿನಲ್ಲಿ, ರೆಕ್ಕೆಯಲ್ಲಿ, ಬೇಡದ ಕಡೆ ಆನ್ ಮಾಡಿದರೆ? ಇದನ್ನು 1995ರಲ್ಲಿ ಗೇರಿಂಗ್ ಅವರ ಗುಂಪಿನ ಹಾಲ್ಡರ್ ಮತ್ತು ಕ್ಯಾಲಾರ್ಟ್ಸ್ ಮಾಡಿ ತೋರಿಸಿದ್ದರು. ಇಲಿಯ ಪ್ಯಾಕ್ಸ್-6 ಹಾಕಿದರೂ ಅಲ್ಲಿ ಕಣ್ಣು ಬಂದಿತ್ತು, ಅದೂ ಇಲಿಯ ಕಣ್ಣಲ್ಲ, ನೊಣದ್ದೇ ಕಣ್ಣು. ಫಲಿತಾಂಶ ಗೊತ್ತಿದ್ದರೂ ನನ್ನ ಕೈಯಿಂದ ಮಾಡಿ ನೋಡಬೇಕಿತ್ತು.

ಇದಕ್ಕೆ ಬ್ರ್ಯಾಂಡ್ ಮತ್ತು ಪೆರಿಮನ್ 1993ರಲ್ಲಿ ರೂಪಿಸಿದ ದಾರಿ ಇದೆ. ಯೀಸ್ಟ್‌ನಿಂದ ತಂದ ಗ್ಯಾಲ್4 ಅನ್ನುವ ಪ್ರೋಟೀನ್ ಒಂದು ಸಾಲಿನ ನೊಣದಲ್ಲಿ. ಅದು ಹೋಗಿ ಕೂತರೆ ಮಾತ್ರ ಆನ್ ಆಗುವ ಜೀನ್ ಇನ್ನೊಂದು ಸಾಲಿನಲ್ಲಿ. ಬೇರೆಬೇರೆ ಇದ್ದಾಗ ಏನೂ ಆಗುವುದಿಲ್ಲ. ಎರಡನ್ನೂ ಕೂಡಿಸಿದರೆ ಮರಿಯಲ್ಲಿ ಗ್ಯಾಲ್4 ಎಲ್ಲಿ ಇದೆಯೋ ಅಲ್ಲೆಲ್ಲ ಜೀನ್ ಆನ್. ನಾನು ಆರಿಸಿಕೊಂಡದ್ದು ಡಿಪಿಪಿ-ಗ್ಯಾಲ್4. ಅದು ರೆಕ್ಕೆ ಮತ್ತು ಕಾಲಿನ ಡಿಸ್ಕ್‌ಗಳ ನಡುವೆ ಒಂದು ಪಟ್ಟಿಯ ಹಾಗೆ ಇರುತ್ತದೆ.

ಆ ಸ್ಟಾಕ್‌ನ ಅರ್ಧ ಮರಿಗಳಿಗೆ ಮಾತ್ರ ಗ್ಯಾಲ್4 ಸಿಗುತ್ತದೆ. ಉಳಿದರ್ಧಕ್ಕೆ ಟಬ್ಬಿ ಅನ್ನುವ ಗುರುತು, ಅವುಗಳ ಪ್ಯೂಪಾ ಗಿಡ್ಡ, ದಪ್ಪ. ಹತ್ತನೇ ದಿನ ಗಿಡ್ಡ ಪ್ಯೂಪಾಗಳಿಂದೆಲ್ಲ ಆರೋಗ್ಯವಾಗಿ ನೊಣ ಹೊರಬಂದವು. ಉದ್ದನೆಯವು ಗೋಡೆಗೆ ಅಂಟಿಕೊಂಡೇ ಕಪ್ಪಾಗುತ್ತಿದ್ದವು. ಹೊರಬರಲೇ ಇಲ್ಲ. ಕಾಲು ಸೊಟ್ಟಗಾದರೆ ನೊಣ ತಳ್ಳಿಕೊಂಡು ಹೊರಗೆ ಬರಲು ಆಗುವುದಿಲ್ಲ.

ಒಂದನ್ನು ಒದ್ದೆ ಬ್ರಷ್‌ನಿಂದ ಬಿಡಿಸಿ, ಎರಡು ಬದಿ ಅಂಟುವ ಟೇಪ್ ಮೇಲೆ ಅಂಗಾತ ಮಲಗಿಸಿದೆ. ಮುಂದಿನ ಮುಚ್ಚಳ ಎತ್ತಿದೆ. ಪ್ಯೂಪಾದ ಸಿಪ್ಪೆಯನ್ನು ಚೂರುಚೂರಾಗಿ ಕಿತ್ತೆ. ಒಳಗಿನ ತೆಳು ಪೊರೆ ಸೀಳಿದೆ. ತಲೆ ಸರಿಯಾಗಿತ್ತು, ಎರಡು ಕಣ್ಣು. ಕಾಲುಗಳು ಮೊಟಕಾಗಿ ಮಡಿಚಿಕೊಂಡಿದ್ದವು. ಫೋರ್ಸೆಪ್ಸ್ ತುದಿಯಿಂದ ಒಂದು ಕಾಲನ್ನು ನಿಧಾನವಾಗಿ ಹೊರಗೆ ಎಳೆದೆ. ಮಂಡಿಯ ಕೆಳಗೆ ಕೆಂಪು.

ಬೆಳಕನ್ನು ಓರೆಯಾಗಿ ಬಿಟ್ಟೆ, ಜೂಮ್ ಹೆಚ್ಚಿಸಿದೆ. ಕಲೆ ಅಲ್ಲ. ಉಬ್ಬಿದ ಪುಟ್ಟ ಗುಡ್ಡೆ, ಅದರ ಮೇಲೆ ಜೇನುಗೂಡಿನ ಸಾಲು. ಪ್ರತಿ ಮನೆಗೂ ಒಂದು ಗುಂಡನೆಯ ಮಸೂರ, ನಡುನಡುವೆ ಕಣ್ಣಿನಲ್ಲಿ ಇರುವಂಥದ್ದೇ ಸಣ್ಣ ಕೂದಲು. ಕಾಲಿನ ಮೇಲೆ ಕಣ್ಣು ಬೆಳೆದಿತ್ತು. ರೆಕ್ಕೆಯ ಬುಡದಲ್ಲೂ ಒಂದು ಚೂರು ಇತ್ತು. ನಾನು ಕುರ್ಚಿಯಿಂದ ಎದ್ದು ಯಾರಿಗಾದರೂ ತೋರಿಸೋಣ ಅಂತ ನೋಡಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಮತ್ತೆ ಕೂತು ಇನ್ನೂ ಹತ್ತು ಪ್ಯೂಪಾ ಬಿಡಿಸಿದೆ.

ಹತ್ತರಲ್ಲೂ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಗ್ಯಾಲ್4 ಇದ್ದ ಪಟ್ಟಿ ಉದ್ದಕ್ಕೆ ಹೋಗುತ್ತದೆ. ಐಲೆಸ್ ಆ ಪಟ್ಟಿಯುದ್ದಕ್ಕೂ ಆನ್ ಆಗಿರುತ್ತದೆ, ಸ್ಟೇನ್ ಮಾಡಿ, ಅಂದರೆ ಆಂಟಿಬಾಡಿಯ ಬಣ್ಣ ಹಿಡಿಸಿ, ಖಾತ್ರಿ ಮಾಡಿಕೊಂಡೆ. ಕಣ್ಣು ಬಂದದ್ದು ಮಾತ್ರ ಅಲ್ಲೊಂದು ಇಲ್ಲೊಂದು ಜಾಗದಲ್ಲಿ. ಐಲೆಸ್ ಒಂದಿದ್ದರೆ ಸಾಲದು. ಪಕ್ಕದ ಕೋಶಗಳಿಂದ ಹೆಜ್‌ಹಾಗ್ ಮತ್ತು ಡಿಪಿಪಿ ಅನ್ನುವ ಸಂದೇಶಗಳೂ ತಕ್ಕ ಪ್ರಮಾಣದಲ್ಲಿ ಬರಬೇಕು. ಎರಡೂ ಕೂಡಿ ಬಂದ ಕಡೆಯಲ್ಲೇ ಕಾಲಿನ ಕೋಶ ಕಣ್ಣಾಗಲು ಒಪ್ಪುತ್ತದೆ. ಪುಸ್ತಕಗಳಲ್ಲಿ ಐಲೆಸ್‌ಗೆ 'ಮಾಸ್ಟರ್ ಜೀನ್' ಅಂತ ಬರೆಯುತ್ತಾರೆ. ನನಗೆ ಆ ಮಾತು ಅಷ್ಟು ಒಗ್ಗುವುದಿಲ್ಲ. ಹಳೆ ಸ್ಟಾಕ್‌ನಲ್ಲಿ ಉಳಿದ ಜೀನ್‌ಗಳು ಇದರ ಕೊರತೆ ತುಂಬಿದ್ದನ್ನೂ, ಕಾಲಿನಲ್ಲಿ ಉಳಿದ ಸಂದೇಶ ಸಿಗದೆ ಇದು ಸುಮ್ನೆ ಕೂತದ್ದನ್ನೂ ನೋಡಿದ ಮೇಲೆ ಅದನ್ನು ಯಜಮಾನ ಅನ್ನಲು ಮನಸ್ಸು ಬರುವುದಿಲ್ಲ.

ಕೊನೆಯದಾಗಿ ಉಳಿದದ್ದು ಕಣ್ಣಿಲ್ಲದ ನೊಣದ ಡಿಸ್ಕ್ ಸ್ಟೇನ್ ಮಾಡುವುದು. ಅಲ್ಲಿ ಹಸಿರು ಇರಬಾರದು, ಇಲ್ಲ ಅಂತ ತೋರಿಸಿದರೆ ಮುಗಿಯಿತು. ಅಷ್ಟು ದಿನ ನಾನು ಸ್ಲೈಡ್ ಮಾಡುವಾಗ ಮಿದುಳನ್ನು ಕಿತ್ತು ಬಿಸಾಡುತ್ತಿದ್ದೆ. ಅದು ದಪ್ಪ, ಕವರ್‌ಸ್ಲಿಪ್ ಎತ್ತುತ್ತದೆ ಅಂತ. ಈ ಸಲ ಡಿಸ್ಕ್‌ಗಳು ಚಿಕ್ಕವಿದ್ದವು, ಮಿದುಳು ಬಿಡಿಸಲು ಹೋದರೆ ಹರಿಯುತ್ತವೆ ಅನಿಸಿತು. ಹಾಗೇ ಬಿಟ್ಟೆ.

ಡಿಸ್ಕ್‌ನ ಕಣ್ಣಿನ ಭಾಗದಲ್ಲಿ ಹಸಿರು ಇದೆ ಅನ್ನಲೂ ಆಗದಷ್ಟು ಮಂದ. ಇದು ಸರಿ. ಸ್ಟೇಜ್ ಪಕ್ಕಕ್ಕೆ ಸರಿಸಿದೆ. ಮಿದುಳು ಹಸಿರಾಗಿ ಉರಿಯುತ್ತಿತ್ತು. ಎರಡೂ ಬದಿಯ ಮೇಲ್ಭಾಗದಲ್ಲಿ ಗುಂಪುಗುಂಪಾಗಿ ಕೋಶಗಳು. ವಾಸನೆಯನ್ನು ನೆನಪಿಟ್ಟುಕೊಳ್ಳಲು ಬೇಕಾದ ಅಣಬೆ ಆಕಾರದ ಭಾಗ ಬೆಳೆಯುವುದು ಅಲ್ಲಿಂದಲೇ. ಕಣ್ಣಿಲ್ಲದ ಈ ನೊಣದಲ್ಲಿ ಐಲೆಸ್ ಜೀನ್ ಇತ್ತು, ಚೆನ್ನಾಗಿಯೂ ಇತ್ತು. ಅಂದರೆ ಕೆಟ್ಟದ್ದು ಏನು?

ಕೆಟ್ಟದ್ದು ಸ್ವಿಚ್. ಪ್ರೋಟೀನ್ ಹೇಗಿರಬೇಕು ಅನ್ನುವ ಅಕ್ಷರಗಳು ಸರಿಯಾಗಿಯೇ ಇವೆ. ಅವುಗಳ ನಡುವೆ, ಪ್ರೋಟೀನ್ ಆಗದ ಭಾಗವೊಂದರಲ್ಲಿ, 'ಕಣ್ಣಿನ ಡಿಸ್ಕ್‌ನಲ್ಲಿ ಆನ್ ಆಗು' ಅನ್ನುವ ತುಂಡು ಇದೆ. ನನ್ನ ಹತ್ತಿರ ಇದ್ದ ಸಾಲಿನಲ್ಲಿ ಒಂದು ಅಲೆಮಾರಿ ಡಿಎನ್‌ಎ ತುಂಡು ಅಲ್ಲಿಗೆ ಬಂದು ನುಗ್ಗಿಬಿಟ್ಟಿದೆ. ಹಾಗಾಗಿ ಕಣ್ಣಿನಲ್ಲಿ ಜೀನ್ ಆನ್ ಆಗುವುದಿಲ್ಲ. ಮಿದುಳಿನ ಸ್ವಿಚ್ ಬೇರೆ, ಅದಕ್ಕೆ ಏನೂ ಆಗಿಲ್ಲ. ಇದನ್ನು 1994ರ ಲೇಖನದಲ್ಲಿ ಮೊದಲೇ ಓದಿದ್ದೆ, ಗೆರೆ ಕೂಡ ಹಾಕಿದ್ದೆ. ಅವತ್ತು ಅರ್ಥವಾಗಿರಲಿಲ್ಲ. ಒಂದೇ ಪ್ರೋಟೀನ್ ಒಂದು ಕಡೆ ಕಣ್ಣು ಶುರು ಮಾಡುತ್ತದೆ, ಇನ್ನೊಂದು ಕಡೆ ನೆನಪಿನ ಜಾಗ ಕಟ್ಟಲು ಕೈಜೋಡಿಸುತ್ತದೆ. ಹೆಸರಿನಲ್ಲಿ ಅದರ ಅರ್ಧ ಬದುಕೇ ಇಲ್ಲ.

ಡಿಸ್ಕ್ ಮತ್ತು ಮಿದುಳು ಎರಡೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಚಿತ್ರ ತೆಗೆದು, ಆವರೆಗಿನ ಎಲ್ಲ ಸ್ಟೇನಿಂಗ್‌ಗಳನ್ನೂ ಮಿದುಳು ಉಳಿಸಿಕೊಂಡು ಮತ್ತೆ ಮಾಡಿದೆ. ಅದಕ್ಕೇ ಎರಡು ತಿಂಗಳು ಹೋಯಿತು.

ಮೊದಲ ದಿನ ನೋಡಿದ ಆ ಹಳೆ ಸ್ಟಾಕ್ ಈಗಲೂ ಟ್ರೇಯಲ್ಲಿದೆ, ಕಣ್ಣಿರುವ ಐಲೆಸ್ ನೊಣಗಳು. ಅವುಗಳ ಡಿಸ್ಕ್ ಇನ್ನೂ ನೋಡಿಲ್ಲ. ಅಲ್ಲಿ ಜೀನ್ ಹೇಗೋ ಮತ್ತೆ ಆನ್ ಆಗುತ್ತಿದೆಯೋ, ಅಥವಾ ಅದು ಆರಿಯೇ ಇದ್ದು ಉಳಿದವು ಸೇರಿ ಕಣ್ಣು ಕಟ್ಟುತ್ತಿವೆಯೋ? ಶುಕ್ರವಾರ ಬೆಳಿಗ್ಗೆ ಎರಡು ಗಂಟೆ ಮೊಟ್ಟೆ ಇಡಿಸಿದ್ದೇನೆ. ಸೋಮವಾರ ಬೆಳಿಗ್ಗೆ 72 ಗಂಟೆ ಆಗುತ್ತದೆ.